ಅನ್ನವ್ವನ ಬಾಗಿಲು ಸೀರೆ ಉಟ್ಟದ್ದು

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಫೋಟೋ ತೆಗೆಸಿಕೊಳ್ಳಲು ಎರಡೇ ದಾರಿ: ಮದುವೆಯಾಗಬೇಕು, ಇಲ್ಲವೇ ಸಾಯಬೇಕು. ನನ್ನ ಮದುವೆಯ ದಿನ ರೋಣದಿಂದ ಬರಬೇಕಿದ್ದ ಫೋಟೋದವನ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಹಾಗಾಗಿ ಉಳಿದದ್ದು ಎರಡನೆಯ ದಾರಿ. ಸತ್ತ ಮೇಲೆ ಕುರ್ಚಿಯಲ್ಲಿ ಕೂಡಿಸಿ, ಹಣೆ ತುಂಬ ವಿಭೂತಿ ಬಳಿದು, ಗದ್ದ ಜೋತು ಬೀಳದಂತೆ ಬಟ್ಟೆ ಕಟ್ಟಿ ತೆಗೆಯುತ್ತಾರಲ್ಲ, ಅದು. ನನಗೆ ಕಣ್ಣು ಬಿಟ್ಟಿರುವಾಗಲೇ ಒಂದು ಫೋಟೋ ಬೇಕಿತ್ತು. ಇದೇನು ದೊಡ್ಡ ಆಸೆಯೇ?

ನಮ್ಮ ಊರು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಸೊಲ್ಲಾಪುರದ ಗಿರಣಿಯಲ್ಲಿದ್ದ ನನ್ನ ಮೈದುನ ದ್ಯಾವಪ್ಪ ಒಂದು ಡಬ್ಬಿ ಕ್ಯಾಮೆರಾ ತಂದು ನಮ್ಮ ಮನೆಯವರ ಕೈಗಿಟ್ಟ. ಒಂದು ರೀಲಿಗೆ ಎಂಟು ಚಿತ್ರ. ನಾನು ಅಂದೇ ತಲೆಗೆ ಎಣ್ಣೆ ಹಚ್ಚಿ ಬಾಚಿ, ಹೊಸ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತೆ. ಅವರು ಬಂದು ನನ್ನನ್ನು ದಿಟ್ಟಿಸಿ ನೋಡಿದರು.

"ಸ್ವಲ್ಪ ಸರಿ. ನಿನ್ನ ಹಿಂದಿನ ಗ್ವಾಡಿ ಕಾಣವಲ್ದು" ಅಂದರು.

ಗೋಡೆ! ಮೊದಲ ಚಿತ್ರ ಗೋಡೆಗೇ ಹೋಯಿತು. ಆಮೇಲೆ ದೀಪ ಇಡುವ ಗೂಡು, ಮಗ್ಗದ ಕುಣಿಗೆ ಇಳಿಯುವ ಮೆಟ್ಟಿಲು, ನೆರೆಮನೆಯ ಮೌಲಾಸಾಬನ ಮಾಳಿಗೆಯ ತೊಲೆ, ಎದುರುಮನೆಯ ತಿಪ್ಪವ್ವನ ಬೆಳಕಿಂಡಿ ಮೂರು ಸಲ. "ಕಟ್ಟಿದಾವನ ಕೈ ಹ್ಯಾಂಗ ಕಾಣತೈತಿ ನೋಡು" ಎಂದು ಆ ಬೆಳಕಿಂಡಿಯ ಕೆಳಗೆ ಗೋಣು ಎತ್ತಿ ನಿಂತರೆಂದರೆ ಮಗ್ಗವೂ ನೆನಪಿಲ್ಲ, ರೊಟ್ಟಿಯೂ ನೆನಪಿಲ್ಲ. ಕಟ್ಟಿಕೊಂಡವಳ ಮುಖ ಮಾತ್ರ ಅವರಿಗೆ ಕಾಣುತ್ತಿರಲಿಲ್ಲ. ನನಗೆ ಗೋಡೆಗಳ ಮೇಲೆ ಹೊಟ್ಟೆಕಿಚ್ಚು ಶುರುವಾಯಿತು. ಸವತಿಯಾಗಿದ್ದರೆ ಜುಟ್ಟು ಹಿಡಿದು ಜಗ್ಗಬಹುದಿತ್ತು. ಗೋಡೆಯನ್ನು ಏನು ಮಾಡುವುದು?

ಕೊನೆಗೆ ರೀಲಿನಲ್ಲಿ ಒಂದೇ ಚಿತ್ರ ಉಳಿಯಿತು. ಅದನ್ನೂ ಅನ್ನವ್ವನ ಬಾಗಿಲಿಗೆ ಮೀಸಲಿಟ್ಟರು. ಅನ್ನವ್ವ ನಮ್ಮ ಓಣಿಗೇ ಹಿರಿಯಳು. ಅವಳ ಮನೆಯ ಸಾಗವಾನಿ ಬಾಗಿಲ ತುಂಬ ಗಿಳಿ, ಬಳ್ಳಿ, ಆನೆ ಕೆತ್ತಿದ್ದಾರೆ. ಮುಂಜಾನೆಯ ಬಿಸಿಲು ಅದರ ಮೇಲೆ ಸ್ವಲ್ಪ ಹೊತ್ತು ಓರೆಯಾಗಿ ಬಿದ್ದು ಹೋಗುತ್ತದೆ. ಆ ಹೊತ್ತಿಗೇ ತೆಗೆಯಬೇಕಂತೆ.

"ನಾಳೆ ಮುಂಜಾನೆ ನಿಮ್ಮ ಮನಿ ಫೋಟೋ ತಗೀತೀನ್ರಿ ಆಯಿ" ಎಂದು ಹೇಳಿ ಬಂದು ನೆಮ್ಮದಿಯಾಗಿ ಮಲಗಿದರು. ಮುಂಜಾನೆ ಹೋಗಿ ನೋಡಿದರೆ ಮನೆಯೇ ಕಾಣಿಸಲಿಲ್ಲ.

ಮಾಳಿಗೆಯ ಅಂಚಿನಿಂದ ಕಟ್ಟೆಯ ತನಕ ಬರೀ ಸೀರೆ! ಫೋಟೋ ಎಂದ ಮೇಲೆ ಮನೆಯಾದರೂ ಲಕ್ಷಣವಾಗಿ ಉಟ್ಟು ನಿಲ್ಲಬೇಕಲ್ಲ ಎಂದು ಅನ್ನವ್ವ ತನ್ನ ಪಟ್ಟೇದಂಚಿನ ಸೀರೆ ಇಳಿಬಿಟ್ಟಿದ್ದಳು. ಅದನ್ನು ನೋಡಿ ತಿಪ್ಪವ್ವ ತನ್ನದು ತಂದಳು. ನೇಕಾರರ ಓಣಿಯಲ್ಲಿ ಸೀರೆಗೇನು ಬರ? ತಾವು ನೇಯ್ದದ್ದೂ ಫೋಟೋದಲ್ಲಿ ಬರಲಿ ಎಂದು ಮನೆಮನೆಯವರೂ ತಂದು ನೇತು ಹಾಕಿದ್ದರು. ಬಾಗಿಲ ಮೇಲಂತೂ ಪದರದ ಮೇಲೆ ಪದರ.

"ಆಯಿ, ಬಾಗಲಾ ಎಲ್ಲೈತ್ರಿ?" ನಮ್ಮವರ ದನಿ ಅಳುವಂತಿತ್ತು.

"ಹಿಂದ ಐತಿ. ಎಲ್ಲಿ ಹೋಗತೈತಿ?" ಅಂದಳು ಅನ್ನವ್ವ.

"ಸೀರಿ ಎಲ್ಲಾ ತಗೀರಿ. ನನಗ ಬರೇ ಬಾಗಲಾ ಬೇಕು."

ಅನ್ನವ್ವ ಕಣ್ಣು ಕೆಂಪಗೆ ಮಾಡಿದಳು. "ಫೋಟೋಕ್ಕ ನಿಂತಾಕಿ ಸೀರಿ ಬಿಚ್ಚಸ್ತೀಯೇನೋ ಪರಪ್ಪಾ? ಸ್ವಲ್ಪರ ನಾಚಿಕಿ ಐತಿಲ್ಲೋ?"

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ಛೀ ಅಂದರು. ಅತ್ತ ಬಿಸಿಲು ಜಾರುತ್ತಿತ್ತು. ನಮ್ಮವರ ಮುಖ ನೋಡಿ ನನಗೆ ಅಯ್ಯೋ ಅನಿಸಿತು. ಜೊತೆಗೆ ತಲೆಯೂ ಓಡಿತು.

"ಆಯಿ, ಲಗ್ನದಾಗ ಅಂತರಪಟ ಸರಸೂದಿಲ್ಲೇನ್ರಿ?" ಅಂದೆ. "ಹಂಗ ಮುತ್ತೈದಿ ಒಬ್ಬಾಕಿ ನಿಂತು ಸೀರಿ ಸರಿಸಿ ಹಿಡದರ ಏನ್ ತಪ್ಪೈತಿ?"

ಅನ್ನವ್ವ ವಿಚಾರ ಮಾಡಿದಳು. ಶಾಸ್ತ್ರಕ್ಕೆ ಕೂಡಿ ಬಂತು. "ಖರೇ ಐತಿ. ಹಂಗಾದ್ರ ಶಿವಬಸವ್ವ, ನೀನ ಹಿಡಿ" ಎನ್ನುವಷ್ಟರಲ್ಲಿ ನಾನು ಕಟ್ಟೆ ಹತ್ತಿಯಾಗಿತ್ತು.

ಬಾಗಿಲ ಮುಂದಿನ ಸೀರೆಗಳನ್ನೆಲ್ಲ ನಮ್ಮವರ ಬಲಬದಿಗೆ ಬಾಚಿ, ತೋಳ ಮೇಲೆ ಹೊತ್ತು ನಿಂತೆ. ಬಾಗಿಲು ಕಂಡಿತು. ನಮ್ಮವರು ಕ್ಯಾಮೆರಾವನ್ನು ಹೊಟ್ಟೆಗೆ ಒತ್ತಿಕೊಂಡು, ಅದರ ಮೇಲಿನ ಪುಟ್ಟ ಕಿಂಡಿಯೊಳಗೆ ಬಗ್ಗಿ ನೋಡಿದರು. ಆ ಕಿಂಡಿಯಲ್ಲಿ ಕನ್ನಡಿ ಇರುತ್ತದೆ. ಬಲಕ್ಕಿದ್ದದ್ದು ಎಡಕ್ಕೆ ಕಾಣುತ್ತದೆ. ಈವರೆಗೆ ಅವರು ತೆಗೆದದ್ದೆಲ್ಲ ಗೋಡೆ, ತೊಲೆ. ಸರಿ ಎಂದರೆ ಅವು ಸರಿಯುವುದಿಲ್ಲವಲ್ಲ, ಅದಕ್ಕೇ ಈ ಸಂಗತಿ ಅವರಿಗೆ ಗೊತ್ತೇ ಇರಲಿಲ್ಲ.

"ಬಾಗಲಾ ಬಿಟ್ಟು ಈ ಕಡೆ ಸರಿ!" ಎಂದು ಎಡಗೈ ಬೀಸಿದರು. ನಾನು ಆ ಕೈ ತೋರಿಸಿದ ಕಡೆ ಒಂದು ಹೆಜ್ಜೆ ಸರಿದೆ. "ಅಲ್ಲ, ಈ ಕಡೆ!" ಮತ್ತೆ ಅದೇ ಕೈ, ಇನ್ನೂ ಜೋರಾಗಿ. ನಾನು ಇನ್ನೊಂದು ಹೆಜ್ಜೆ ಸರಿದು ಬಾಗಿಲ ನಟ್ಟನಡುವೆ ಬಂದೆ. ಗಂಡನ ಮಾತನ್ನು ಇಷ್ಟು ಚಾಚೂ ತಪ್ಪದೆ ನಾನು ಎಂದೂ ಕೇಳಿರಲಿಲ್ಲ. ಸೀರೆಗಳ ಭಾರಕ್ಕೆ ತೋಳು ಕಳಚಿ ಬೀಳುವಂತಾಗಿತ್ತು.

"ಲಗೂ ತಗೀರಿ! ಕೈ ಹರಿಯಾಕ ಹತ್ಯಾವು!" ಎಂದು ಒದರಿದೆ. ಅವರು ಬೆಚ್ಚಿ ಬಿದ್ದರು. ಕ್ಯಾಮೆರಾ ಖಟ್ ಎಂದಿತು.

ಗದಗಿಗೆ ಹೋದ ರೀಲು ಚಿತ್ರವಾಗಿ ಬಂದ ದಿನ ಓಣಿಗೆ ಓಣಿಯೇ ನಮ್ಮ ಕಟ್ಟೆಯ ಮೇಲಿತ್ತು. ಗೋಡೆ ತೊಲೆಗಳನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಕೊನೆಯ ಚಿತ್ರದ ನಡುವೆ ನಾನಿದ್ದೆ. ತೋಳ ತುಂಬ ಸೀರೆ, ಎರಡೂ ಕಣ್ಣು ಅಗಲವಾಗಿ ಬಿಟ್ಟು, ಬಾಯಿ ಅದಕ್ಕಿಂತ ಅಗಲವಾಗಿ ಬಿಟ್ಟು; ಹಲ್ಲು ಒಂದೂ ಬಿಡದಂತೆ ಎಣಿಸಬಹುದಿತ್ತು. ಹೆಂಗಸರು ತಮ್ಮ ತಮ್ಮ ಸೀರೆಯ ಅಂಚು ಹುಡುಕಿ ಬೆರಳಿಟ್ಟು ತೋರಿಸಿದರು. "ನಮ್ಮ ಮನಿ ಭಾಳ ಚಂದ ಬಂದೈತಿ" ಅಂದಳು ಅನ್ನವ್ವ. ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ನಮ್ಮವರು ಮಾತ್ರ ಚಿತ್ರವನ್ನು ಬೆಳಕಿಗೆ ಹಿಡಿದರು, ಓರೆ ಮಾಡಿದರು, ತಲೆಕೆಳಗೆ ಮಾಡಿಯೂ ನೋಡಿದರು. ಗಿಳಿ ಇಲ್ಲ, ಬಳ್ಳಿ ಇಲ್ಲ. ನನ್ನ ಕಿವಿಯ ಹತ್ತಿರ ಆನೆಯ ಸೊಂಡಿಲಿನ ತುದಿಯಷ್ಟೇ ಇತ್ತು.

"ಬಾಗಲಾ ಎಲ್ಲೈತಿ?" ಎಂದು ಕೇಳಿದರು.

"ಹಿಂದ ಐತ್ರಿ" ಅಂದೆ. "ಎಲ್ಲಿ ಹೋಗತೈತಿ?"