ಮೂರನೇ ಭಾಗದ ಸೈರನ್

ಜಲ್ಲಿ ಹರಡಿದ ಅಗಲವಾದ ತಟ್ಟೆಯೊಳಗೆ ಬೂಟು ಹಾಕಿಕೊಂಡು ಅವನು ನಿಂತಲ್ಲೇ ನಡೆಯುತ್ತಿದ್ದ. ಎದುರಿನ ಪರದೆಯಲ್ಲಿ ಸೋತ ಸೈನಿಕರು ಸಾಲಾಗಿ ಸೇತುವೆ ದಾಟುತ್ತಿದ್ದರು. ಕೊನೆಯವನು ಕುಂಟುತ್ತಿದ್ದ, ಅವನಿಗಾಗಿ ಇವನೂ ಎಡಗಾಲನ್ನು ಒಂದಿಷ್ಟು ಎಳೆದ. ಜಲ್ಲಿ ಕರಕರ ಎಂದಿತು. ಸೇತುವೆ ಮುಗಿಯಿತು, ಇವನೂ ನಿಂತ.

ಆ ಸೈನಿಕರು ಸತ್ತು ಎಷ್ಟೋ ಕಾಲವಾಗಿತ್ತು. ಅವರ ನಡಿಗೆಯ ಸದ್ದು ಮಾತ್ರ ಇವತ್ತು ಹುಟ್ಟುತ್ತಿತ್ತು. ಮಹಾಯುದ್ಧದ ಕಾಲದ ಫಿಲಮ್ಮುಗಳು ಹೆಚ್ಚುಕಮ್ಮಿ ಎಲ್ಲವೂ ಮೂಕ. ಕ್ಯಾಮೆರಾ ಹೊತ್ತವನಿಗೆ ತಲೆ ಉಳಿಸಿಕೊಳ್ಳುವುದೇ ದೊಡ್ಡ ಕೆಲಸವಾಗಿರುವಾಗ ಸದ್ದು ಹಿಡಿಯುವ ಯಂತ್ರವನ್ನೂ ಹೊತ್ತು ಓಡಲು ಯಾರಿಗೆ ಪುರುಸೊತ್ತಿತ್ತು? ಜನ ಟಿವಿಯಲ್ಲಿ ಕೇಳುವ ಯುದ್ಧ ಇಂಥ ಕಿಟಕಿಯಿಲ್ಲದ ಕೋಣೆಗಳಲ್ಲಿ ತಯಾರಾಗುವಂಥದ್ದು. ಬೆಂಕಿಗೆ ಬಿಸ್ಕತ್ತಿನ ಪೊಟ್ಟಣದ ಹಾಳೆ, ಮುರಿಯುವ ಮೂಳೆಗೆ ಹಸಿ ಕ್ಯಾರೆಟ್ಟು, ಕುಸಿಯುವ ಮನೆಗೆ ಹಳೇ ಬಾಗಿಲೊಂದರ ಮೇಲೆ ಸುರಿದ ಇಟ್ಟಿಗೆ ಚೂರು. ಇಪ್ಪತ್ತು ವರ್ಷಗಳಿಂದ ಅವನು ಮಾಡುತ್ತಿದ್ದದ್ದು ಇದನ್ನೇ. ಸ್ಟುಡಿಯೊದಲ್ಲಿ ಎಲ್ಲರೂ ಅವನನ್ನು ಸೌಂಡಣ್ಣ ಎನ್ನುತ್ತಿದ್ದರು.

"ಸೌಂಡಣ್ಣ, ಬೆಳಗ್ಗಿಂದ ಇಡೀ ರೆಜಿಮೆಂಟನ್ನೇ ನಡೆಸ್ತಿದ್ದೀರಲ್ಲ, ಕಾಲು ಬಿದ್ದುಹೋಗಿಲ್ವಾ ಇನ್ನೂ?" ಎನ್ನುತ್ತ ಟಿವಿಯ ಯುದ್ಧ ಸರಣಿಯ ನಿರ್ದೇಶಕ ಒಳಗೆ ಬಂದ. ವಯಸ್ಸಿನಲ್ಲಿ ಚಿಕ್ಕವನು, ಸದಾ ಅವಸರದಲ್ಲಿರುವವನು.

"ಸೋತವರು ನಿಧಾನಕ್ಕೆ ನಡೀತಾರೆ ಸಾರ್, ಅದೇ ಕಷ್ಟ. ಗೆದ್ದವರದ್ದು ಬೇಗ ಮುಗಿಯುತ್ತೆ."

"ಮೂರನೇ ಭಾಗ ಕಳಿಸಿದ್ದೀನಿ ನೋಡಿ. ನದಿ ದಂಡೆ ಊರು, ಬಾಂಬು ಬಿದ್ದ ಬೆಳಗ್ಗೆ. ಅಲ್ಲಿನ ಫೋಟೋ ಸ್ಟುಡಿಯೊದವನು ಹೊಸ ಕ್ಯಾಮೆರಾ ಪರೀಕ್ಷೆ ಮಾಡೋಕೆ ಅಂತ ಅವತ್ತೇ ಬೀದಿ ತೆಗೆದಿದ್ದಾನೆ. ಯಾರೂ ನೋಡಿಲ್ಲದ ಫಿಲಮ್ಮು, ಚಿನ್ನ! ಅದರ ಮೇಲೆ ನಿಮ್ಮ ಸೈರನ್ ಬರ್ಬೇಕು. ಮನೇಲಿ ಕೂತವರ ಎದೆ ಝಲ್ ಅನ್ಬೇಕು."

"ಇತಿಹಾಸದ ಮೇಡಂ ನೋಡಿದ್ರಾ?"

"ನೋಡಿದ್ರು. ಟ್ಯಾಂಕೊಂದನ್ನ ತೆಗೆಸಿದ್ರು. ಆ ವರ್ಷ ಅದಿನ್ನೂ ಹುಟ್ಟೇ ಇರ್ಲಿಲ್ವಂತೆ. ಸೈರನ್‌ಗೆ ಏನೂ ಅಂದಿಲ್ಲ. ಕೂಗಿತು ಅಂತಾನೇ ದಾಖಲೆ ಇದೆ."

ನಿರ್ದೇಶಕ ಹೋದ ಮೇಲೆ ಅವನು ಬೂಟು ಬಿಚ್ಚಿ ಫಿಲಮ್ಮನ್ನು ನೋಡಿದ. ಹೆಂಗಸೊಬ್ಬಳು ಕಿಟಕಿ ಗಾಜು ಒರೆಸುತ್ತಿದ್ದಳು. ಸೈಕಲ್ಲಿನವನೊಬ್ಬ ನಿಂತು ಯಾರಿಗೋ ಏನೋ ಹೇಳಿ ನಕ್ಕ. ಎರಡು ಹುಡುಗಿಯರು ಚಕ್ರವೊಂದನ್ನು ಉರುಳಿಸಿಕೊಂಡು ಓಡಿದರು. ನಿರೂಪಣೆಯ ದನಿ ಹೇಳಿತು: 'ಎಚ್ಚರಿಕೆ ಮೊಳಗಿತು. ಆದರೆ ಊರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.'

ಅದು ಅವನ ತಾಯಿಯ ಊರು. ಆ ಊರಿನ ಅಗ್ನಿಶಾಮಕ ಠಾಣೆಯ ಮಾಳಿಗೆಯ ಮೇಲಿದ್ದ ಕೈಸೈರನ್ ತಿರುಗಿಸುವ ಕೆಲಸ ಅವನ ಅಜ್ಜನದು. ವಿಮಾನಗಳು ಬರುತ್ತಿವೆ ಎಂದು ಫೋನು ಬಂದಾಗ ಅಜ್ಜ ಮಾಳಿಗೆ ಹತ್ತಲಿಲ್ಲ. ಮೆಟ್ಟಿಲಿಳಿದು ಹಿಂದಿನ ಓಣಿಯ ಮನೆಗೆ ಓಡಿದ. ಮಗಳನ್ನು ಕಂಕುಳಲ್ಲಿ ಅವುಚಿಕೊಂಡು, ಹೆಂಡತಿಯ ರಟ್ಟೆ ಹಿಡಿದು ಎಳೆದುತಂದು ಠಾಣೆಯ ನೆಲಮಾಳಿಗೆಗೆ ದಬ್ಬಿದ. ಆಮೇಲೆ ಮೇಲಕ್ಕೆ ಓಡಿದ. ಅಷ್ಟು ಹೊತ್ತಿಗೆ ಮಾಳಿಗೆಯೇ ಇರಲಿಲ್ಲ.

ತನಿಖೆಗೆ ಬಂದ ಅಧಿಕಾರಿಗಳಿಗೆ ಎಚ್ಚರಿಕೆ ಕೊಡಲಿಲ್ಲ ಎಂದು ಬರೆಯುವುದಕ್ಕಿಂತ ಕೊಟ್ಟರೂ ಜನ ಕೇಳಲಿಲ್ಲ ಎಂದು ಬರೆಯುವುದು ಸುಲಭವಾಯಿತು. ಅಜ್ಜನಿಗೆ ಶಿಕ್ಷೆಯಾಗಲಿಲ್ಲ. ಆದರೆ ಬದುಕುಳಿದ ದೊಡ್ಡವರಿಗೆ ಗೊತ್ತಿತ್ತು. ಯಾರೋ ಬಾಗಿಲಿಗೆ ಡಾಂಬರು ಬಳಿದರು. ಮನೆಮಂದಿ ಊರು ಬಿಟ್ಟರು. ಅಜ್ಜ ಬೇರೆ ಊರಿನಲ್ಲಿ ಛತ್ರಿ ರಿಪೇರಿ ಮಾಡಿಕೊಂಡು ಬದುಕಿದ. ಮನೆಯ ಕೆಟಲಿನ ಬಾಯಿಂದ, ನೀರು ಕುದಿದಾಗ ಕೂಗುವ ಸೀಟಿಯನ್ನು ಇಕ್ಕಳದಿಂದ ಕಿತ್ತುಹಾಕಿದ್ದ. ತಾಯಿ ಮದುವೆಯಾಗಿ ಹೋದ ಮೇಲೂ, ಎಷ್ಟು ಕೆಟಲ್ ಬದಲಾದರೂ, ಅವಳ ಮನೆಯ ಕೆಟಲಿಗೆ ಸೀಟಿ ಇರಲಿಲ್ಲ.

ಮೊಮ್ಮಗ ನೋಡಿದರೆ ಸೈರನ್ ಕೂಗಿಸಿ ಅನ್ನ ತಿನ್ನುವ ಕೆಲಸಕ್ಕೆ ಸೇರಿದ್ದ. ಹಳೇ ಕೈಸೈರನ್ನೊಂದನ್ನು ಪತ್ತೆ ಮಾಡಿ ತಾನೇ ತಿರುಗಿಸಿ ಹಿಡಿದಿಟ್ಟುಕೊಂಡಿದ್ದ ಒಂದೇ ಸದ್ದು ಅವನ ಬಳಿ ಇತ್ತು. ಯಾವ ದೇಶದ ಯಾವ ಊರಿಗೆ ಬಾಂಬು ಬಿದ್ದರೂ ಅದನ್ನೇ ಹಾಕುತ್ತಿದ್ದ. ವಿಮಾನದ ಎಂಜಿನ್ ಸದ್ದು ಒಂಚೂರು ಹೆಚ್ಚುಕಮ್ಮಿಯಾದರೂ ವಿಮಾನದ ಹುಚ್ಚಿರುವ ವೀಕ್ಷಕರು ಫೋನು ಮಾಡಿ ಜನ್ಮ ಜಾಲಾಡುತ್ತಿದ್ದರು. ಸೈರನ್ ಬಗ್ಗೆ ಇವತ್ತಿನವರೆಗೂ ಒಬ್ಬರೂ ತುಟಿಪಿಟಕ್ ಎಂದಿರಲಿಲ್ಲ.

ಸಂಜೆ ತಾಯಿಯ ಮನೆಗೆ ಹೋದ. ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದಳು.

"ನಿಮ್ಮೂರು ಬಂದಿದೆ ಕಣಮ್ಮಾ, ಕೆಲಸಕ್ಕೆ."

"ಹೂಂ?"

"ಸೈರನ್ ಹಾಕ್ಬೇಕಂತೆ. ಕೂಗಿತು ಅಂತ ಬರೆದಿದ್ದಾರೆ."

ತಾಯಿಯ ಹೆಬ್ಬೆರಳು ಸಿಪ್ಪೆಯೊಳಗೇ ನಿಂತಿತು. "ಹಾಕ್ತೀಯಾ?"

"ಕೂಗ್ಲೇ ಇಲ್ವಲ್ಲಮ್ಮ."

"ಕೂಗ್ಲಿಲ್ಲ ಅಂತ ನೀನು ನನಗೆ ಹೇಳಿಕೊಡ್ತೀಯಾ? ನೀನಿನ್ನೂ ಹುಟ್ಟೇ ಇರ್ಲಿಲ್ಲ. ಅಪ್ಪ ಎತ್ಕೊಂಡು ಓಡ್ತಿದ್ರು, ನನ್ನ ಒಂದು ಶೂ ಬಿದ್ದೋಯ್ತು. ಶೂ ಶೂ ಅಂತ ಅಳ್ತಿದ್ದೆ. ಬೀದೀಲಿ ಬೇರೆ ಯಾರೂ ಓಡ್ತಿರ್ಲಿಲ್ಲ. ಇವನಿಗೇನು ಬಂತು ಅಂತ ಎಲ್ಲ ನೋಡ್ತಿದ್ರು." ಬಟಾಣಿ ಮತ್ತೆ ಬಟ್ಟಲಿಗೆ ಉದುರತೊಡಗಿತು. "ಹಾಕು."

"ಅಮ್ಮಾ."

"ಏನು ಅಮ್ಮಾ ಅಂತ? ಕಂಡಕಂಡ ಊರಿಗೆಲ್ಲ ಹಾಕ್ತೀಯ, ನಿಮ್ಮಜ್ಜನಿಗೆ ಒಂದ್ ಸಲ ಹಾಕೋಕೆ ಕೈ ಬರಲ್ವಾ? ಯಾರಪ್ಪನ ಗಂಟು ಹೋಗುತ್ತೆ? ಟಿವಿಲಿ ಎಲ್ಲರ ಮನೆ ತಾತಂದಿರೂ ವೀರರೇ. ನಮ್ಮಪ್ಪನಿಗೆ ಒಂದು ಕೂಗು ಸಿಗಬಾರದಾ?"

ಅವನೂ ಒಂದು ಬಟಾಣಿ ಕಾಯಿ ಎತ್ತಿಕೊಂಡು ಸುಲಿದ. ಅಜ್ಜ ಛತ್ರಿಯ ಕಡ್ಡಿಗೆ ತಂತಿ ಕಟ್ಟುವಾಗ ಹಲ್ಲಲ್ಲಿ ತಂತಿ ಕಚ್ಚಿಕೊಂಡಿರುತ್ತಿದ್ದ. ಆ ನೆಪದಲ್ಲಿ ಯಾರೊಂದಿಗೂ ಮಾತಾಡದೆ ದಿನ ತಳ್ಳುತ್ತಿದ್ದ. ನಿಜ ಹೇಳಬೇಕೆಂದರೆ, ತಾಯಿ ಬಾಯಿಬಿಟ್ಟು ಕೇಳಿದ್ದು ಮೊಮ್ಮಗನಿಗೂ ಬೇಕಾಗಿತ್ತು.

"ಹಾಕಿದ ಮೇಲೆ ಹೇಳು," ಎಂದಳು ತಾಯಿ. "ಬಂದು ಕೇಳ್ತೀನಿ."

ಮಾರನೇ ದಿನ ಹಾಕಿದ. ಬೇರೆ ಊರುಗಳಿಗೆ ಹಾಗೇ ಅಂಟಿಸುತ್ತಿದ್ದವನು ಇದಕ್ಕೆ ಮುತುವರ್ಜಿ ವಹಿಸಿದ. ಮೊದಲ ತಿರುವಿನಲ್ಲಿ ಸ್ವಲ್ಪ ತಡವರಿಸಿ ಆಮೇಲೆ ಏರುವಂತೆ ಮಾಡಿದ. ಎದುರುಬದುರು ಗೋಡೆಗಳಿಗೆ ಬಡಿದು ಮರಳುವ ದನಿ ಸೇರಿಸಿದ. ನದಿಯ ಕಡೆಯಿಂದ ಗಾಳಿ ಬಿಟ್ಟ. ಮುಗಿದಾಗ, ಕೇಳಿದರೆ ಯಾರಾದರೂ ಎದ್ದು ಓಡಬೇಕು, ಹಾಗಿತ್ತು. ಪರದೆಯ ಮೇಲೆ ಮಾತ್ರ ಹೆಂಗಸು ಕಿಟಕಿ ಒರೆಸುತ್ತಲೇ ಇದ್ದಳು.

ತಾಯಿ ಬಂದ ಮಧ್ಯಾಹ್ನವೇ ನಿರ್ದೇಶಕ ಆ ಊರಿನ ಮುದುಕನೊಬ್ಬನನ್ನು ಹಿಡಿದುತಂದಿದ್ದ. ಅಪ್ಪನ ಕಾಲದ ಬೇಕರಿ ನಡೆಸಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟಿದ್ದವನು. ಚಿತ್ರ ತೋರಿಸಿ ಅವನ ಮಾತನ್ನು ಹಿಡಿಯಬೇಕಿತ್ತು. ಇತಿಹಾಸದ ಮೇಡಂ ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಕೂತಿದ್ದರು. ತಾಯಿ ಹಿಂದಿನ ಸೋಫಾದಲ್ಲಿ ಒಂದು ಮೂಲೆ ಹಿಡಿದಳು. ಟ್ರೇಯಲ್ಲಿದ್ದ ಟೀಯನ್ನು ಯಾರೂ ಮುಟ್ಟದ್ದು ನೋಡಿ ಅಭ್ಯಾಸಬಲದಿಂದ ತಾನೇ ಎದ್ದು ಮುದುಕನಿಗೆ ಕೊಟ್ಟಳು.

"ಸಕ್ಕರೆ ಇನ್ನೊಂದು ಚಮಚ ಹಾಕವ್ವಾ ತಾಯಿ. ಡಾಕ್ಟ್ರು ಬೇಡ ಅಂದಿದ್ದಾರೆ, ಅವರಿಲ್ಲಿ ಇಲ್ವಲ್ಲ," ಎಂದ ಮುದುಕ. ಆಮೇಲೆ ಅವಳ ಮುಖ ನೋಡಿದ. "ನೀವು ಇಲ್ಲೇ ಕೆಲಸಕ್ಕಿದ್ದೀರಾ?"

"ಇಲ್ಲ. ಇವನು ನನ್ನ ಮಗ."

"ಓ, ನಾನೊಬ್ಬ! ತಪ್ಪು ತಿಳ್ಕೋಬೇಡಿ. ಯಾವೂರಾಯ್ತು?"

"ಚಿಕ್ಕವಳಿದ್ದಾಗ ನಿಮ್ಮ ಕಡೇನೇ ಸ್ವಲ್ಪ ದಿನ ಇದ್ವಿ," ಎಂದು ಹೇಳಿ ತಾಯಿ ಸೋಫಾಕ್ಕೆ ಮರಳಿದಳು.

ದೀಪ ಆರಿಸಿದರು. ಬೀದಿ ಬಂತು. ಸೈರನ್ ತಡವರಿಸಿ, ಏರಿ, ಕೋಣೆಯನ್ನು ತುಂಬಿತು. ಅವನು ತಿರುಗಿ ನೋಡಿದ. ತಾಯಿ ಕಣ್ಣು ಮುಚ್ಚಿಕೊಂಡಿದ್ದಳು. ಬಲಗೈ ಮಡಿಲಲ್ಲಿ ಮುಷ್ಟಿಯಾಗಿ, ಏನನ್ನೋ ತಿರುಗಿಸುವವರ ಹಾಗೆ ಸಣ್ಣಗೆ ಅಲ್ಲಾಡುತ್ತಿತ್ತು.

"ಹೌದೌದು, ಹಿಂಗೇ," ಎಂದ ಮುದುಕ. "ಥೇಟ್ ಹಿಂಗೇ ಕೂಗ್ತಿತ್ತು."

"ನಿಮಗೆ ಚೆನ್ನಾಗಿ ನೆನಪಿದೆಯಾ?" ಮೇಡಂ ಕೇಳಿದರು.

"ಮೊದಲು ಇರ್ಲಿಲ್ಲಮ್ಮ. ಸುಳ್ಳು ಯಾಕೆ ಹೇಳ್ಲಿ? ನಾನು ನದಿ ಹತ್ರ ಮೀನು ಹಿಡಿಯೋಕೆ ಹೋಗಿದ್ದೆ, ಚಿಕ್ಕ ಹುಡುಗ. ಊರಲ್ಲಿ ಸದ್ದೇ ಆಗ್ಲಿಲ್ಲ ಅಂತ ಬಹಳ ದಿನ ಅಂದ್ಕೊಂಡಿದ್ದೆ. ಆಮೇಲೆ ಟಿವಿಲಿ ಇಂಥವೆಲ್ಲ ನೋಡ್ತಾ ನೋಡ್ತಾ ನೆನಪಾಯ್ತು. ಕೂಗಿತ್ತು." ಮುದುಕ ಟೀ ಲೋಟವನ್ನು ಕೆಳಗಿಟ್ಟ. "ನೆನಪಾಗದೇ ಇದ್ದಿದ್ರೇ ಚೆನ್ನಾಗಿತ್ತು."

"ಯಾಕೆ ತಾತ?" ನಿರ್ದೇಶಕ ಮೈಕನ್ನು ಹತ್ತಿರ ಸರಿಸಿದ.

"ನಮ್ಮಮ್ಮ ಮನೇಲೇ ಇದ್ಲು, ನನ್ನ ಪುಟ್ಟ ತಂಗಿ ಜೊತೆ. ಇಬ್ಬರೂ ಉಳೀಲಿಲ್ಲ. ಠಾಣೆಯಿಂದ ನಾಲ್ಕು ಹೆಜ್ಜೆ. ನೆಲಮಾಳಿಗೆ ಎಲ್ಲಿದೆ ಅಂತ ಗೊತ್ತಿತ್ತು. ಇಷ್ಟು ಜೋರಾಗಿ ಕೂಗಿದ್ರೂ ಏಳ್ಲಿಲ್ಲ ಅಂದ್ರೆ ಏನು ಹೇಳೋಣ? ಒಲೆ ಮೇಲೆ ಪಾತ್ರೆ ಇತ್ತಾ, ಬಟ್ಟೆ ನೆನೆ ಹಾಕಿದ್ಲಾ? ಕೂಸಿಗಾದ್ರೂ ಎದ್ದು ಓಡೋದಲ್ವಾ?" ಅವನು ಪರದೆಯ ಕಡೆ ಕೈ ತೋರಿಸಿದ. ಅಲ್ಲಿ ಹೆಂಗಸು ಗಾಜಿನ ಮೂಲೆಯೊಂದನ್ನು ಉಗುರಿನಿಂದ ಕೆರೆಯುತ್ತಿದ್ದಳು. "ನೋಡಿ, ಈಯಮ್ಮನ್ನೇ ನೋಡಿ. ಕಿವಿ ಇದೆಯಾ ಇವರಿಗೆ? ಎಂಥಾ ಜನ! ಮೊದಮೊದಲು ಅಮ್ಮನ್ನ ನೆನೆಸ್ಕೊಂಡ್ರೆ ಅಳು ಬರ್ತಿತ್ತು. ಈಗ ಸಿಟ್ಟು ಬರುತ್ತೆ."

"ಅದ್ಭುತ," ಎಂದ ನಿರ್ದೇಶಕ, ಸಣ್ಣ ದನಿಯಲ್ಲಿ. "ಇದನ್ನೇ ಕೊನೆಗೆ ಇಡೋಣ."

ದೀಪ ಹಾಕಿದಾಗ ತಾಯಿ ಎದ್ದು ನಿಂತಿದ್ದಳು. ಮುದುಕ ಹೋಗುವಾಗ "ಬರ್ತೀನಿ ತಾಯಿ, ಟೀ ಚೆನ್ನಾಗಿತ್ತು" ಎಂದ. ಅವಳು ಅವನ ಲೋಟವನ್ನು ಎತ್ತಿ ಟ್ರೇಯಲ್ಲಿಟ್ಟಳು.

ತಾಯಿ ಮಗ ಬಸ್‌ಸ್ಟಾಪಿಗೆ ನಡೆದು ಬಂದರು. ಬೆಂಚಿನ ಮೇಲೆ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿನ ಅಂಗಡಿಯ ಬೋರ್ಡನ್ನು ಓದುವವಳ ಹಾಗೆ ನೋಡುತ್ತಿದ್ದಳು.

"ಅವರಮ್ಮ ನಮ್ಮ ಓಣಿಯವಳೇ ಇರ್ಬೇಕು," ಎಂದಳು. "ಬೇಕರಿ ಮೂಲೇಲೇ ಇತ್ತು. ಅಪ್ಪ ನನ್ನ ಎತ್ಕೊಂಡು ಅದರ ಮುಂದೇನೇ ಓಡಿದ್ದು."

"ಅಮ್ಮಾ, ಅದೆಲ್ಲ ಈಗ..."

"ತೆಗಿ ಅದನ್ನ."

ಒಂದು ಬಸ್ಸು ಬಂತು, ಅವರದಲ್ಲ, ಹೋಯಿತು.

"ತೆಗೆದ್ರೆ ಯಾಕೆ ಅಂತ ಕೇಳ್ತಾರೆ. ದಾಖಲೆ ಹಾಗಿದೆ. ಈಗ ಈ ತಾತ ಬೇರೆ ಸಾಕ್ಷಿ ಹೇಳಿದ್ದಾಯ್ತು."

"ಅವನಿಗೆ ಆ ಸಾಕ್ಷಿ ಕಲಿಸಿದ್ದು ಯಾರು? ನೀವೇ ತಾನೇ?"

"ಕೂಗ್ಲಿಲ್ಲ ಅಂತ ಯಾರು ಹೇಳಿದ್ದು ಅಂತ ಕೇಳಿದ್ರೆ ನಿನ್ನ ಹೆಸರು ಹೇಳ್ಬೇಕಾಗುತ್ತೆ. ಅಜ್ಜನ ಹೆಸರೂ. ಟಿವಿಲಿ. ಗೊತ್ತಾ?"

"ನಾನೇನು ಮಗುವಾ? ಗೊತ್ತು." ತಾಯಿ ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿಕೊಂಡಳು. "ನನ್ನ ಎತ್ಕೊಂಡಿದ್ದಕ್ಕೆ ಅಪ್ಪನ್ನ ಬೈಯ್ಯೋರು ಬೈಯ್ಲಿ. ಆ ಹೆಂಗಸಿಗೆ ಕಿವಿ ಇರ್ಲಿಲ್ಲ ಅನ್ನೋದು ಬೇಡ."

ಅವನು ಮೇಡಂಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ. ಅವರು, "ನಾನು ಸಮವಸ್ತ್ರದ ಗುಂಡಿ, ಟೋಪಿ, ಟ್ಯಾಂಕು ಎಲ್ಲ ನೋಡಿದೆ. ಯಾರೂ ಓಡ್ತಿಲ್ಲ ಅನ್ನೋದನ್ನೇ ನೋಡ್ಲಿಲ್ಲ," ಎಂದರು. "ಆದ್ರೆ ನಿಮ್ಮ ಬಾಯಿಮಾತು ಸಾಲದು. ನಿಮ್ಮಮ್ಮನೇ ಹೇಳ್ಬೇಕು. ರೆಕಾರ್ಡ್ ಮಾಡ್ಕೊಂಡು ಬನ್ನಿ. ಬೇಕರಿಯವರಿಗೆ ನಾನೇ ಹೋಗಿ ಹೇಳ್ತೀನಿ." ನಿರ್ದೇಶಕ ಕೂಗಾಡಿದ. ಪ್ರಸಾರದ ದಿನ ಹತ್ತಿರ ಬಂದಿದೆ, ಸೈರನ್ ಇಲ್ಲದ ಬಾಂಬ್ ದಾಳಿಯನ್ನು ಯಾರು ನೋಡುತ್ತಾರೆ ಎಂದ. ಕೊನೆಗೆ, "ನಿಮ್ಮಮ್ಮ ಚೆನ್ನಾಗಿ ಮಾತಾಡ್ತಾರಾ?" ಎಂದು ಕೇಳಿದ.

ಭಾನುವಾರ ಬೆಳಗ್ಗೆ ಅವನು ಮೈಕು ಹೊತ್ತುಕೊಂಡು ತಾಯಿಯ ಅಡುಗೆಮನೆಗೆ ಬಂದ. ಫ್ರಿಜ್ಜಿನ ಪ್ಲಗ್ಗು ಕಿತ್ತ. ಗೋಡೆ ಗಡಿಯಾರವನ್ನು ಒಯ್ದು ಹಾಸಿಗೆಯೊಳಗೆ ಹುದುಗಿಸಿ ಬಂದ. ತಾಯಿ ತಲೆ ಬಾಚಿ, ಯಾರೋ ನೋಡಲು ಬರುವವರಿದ್ದಾರೆ ಎನ್ನುವ ಹಾಗೆ ಒಳ್ಳೆಯ ಬಟ್ಟೆ ಉಟ್ಟು ಕೂತಿದ್ದಳು.

"ಮುಖ ಕಾಣಲ್ಲಮ್ಮ, ದನಿ ಒಂದೇ."

"ಇರ್ಲಿ ಬಿಡು. ಶುರು ಮಾಡ್ಲಾ?"

"ಈಗಲೇ ಬೇಡ. ಮೊದಲು ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋ. ಕೋಣೆದೇ ಒಂದು ಸದ್ದಿರುತ್ತೆ, ಅದನ್ನ ಹಿಡಿಬೇಕು. ಆಮೇಲೆ ಮಾತಿನ ನಡುವೆ ಬೇಕಾಗುತ್ತೆ."

"ಸುಮ್ನಿರೋದನ್ನೂ ರೆಕಾರ್ಡ್ ಮಾಡ್ತೀರಾ?"

"ಹೂಂ. ಬೀದಿ ಚಿತ್ರಕ್ಕೂ ಇದನ್ನೇ ಹಾಕೋಣ ಅಂತಿದ್ದೀನಿ. ಸೈರನ್ ಇದ್ದ ಜಾಗಕ್ಕೆ."

ತಾಯಿ ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು. ಅವನು ಗುಂಡಿ ಒತ್ತಿದ. ಕೆಳಗೆ ಎಲ್ಲೋ ಸೈಕಲ್ಲೊಂದು ಹೋಯಿತು. ಪಕ್ಕದ ಮನೆಯ ಕಿಟಕಿ ತೆರೆಯಿತು. ಅವನು ಬಂದಾಗ ತಾಯಿ ಒಲೆಯ ಮೇಲಿಟ್ಟಿದ್ದ ಕೆಟಲನ್ನು ಇಬ್ಬರೂ ಮರೆತಿದ್ದರು. ಅದು ಈಗ ಕುದಿಯತೊಡಗಿತು. ಮುಚ್ಚಳ ಸಣ್ಣಗೆ ಅದುರಿತು. ಸೀಟಿಯಿಲ್ಲದ ಬಾಯಿಂದ ಹಬೆ ಎದ್ದು ಕಿಟಕಿಯ ಗಾಜನ್ನು ಮಸುಕು ಮಾಡಿತು. ಆರಿಸಲು ಇಬ್ಬರೂ ಏಳಲಿಲ್ಲ.