ಇಲಿ ಹಿಡಿಯುವ ರೇಟು

"ಮನೇಲಿ ನಾನ್‌ವೆಜ್ ಮಾಡ್ತೀರಾ ಮೇಡಂ?"

ಬೆಂಗಳೂರಿನ ಇಲಿ ಹಿಡಿಯುವ ಕಂಪನಿಯ ಹುಡುಗಿ ಕೇಳಿದ್ದು ಧನುಶ್ರೀಯನ್ನು. ಆದರೆ ಫೋನು ಸ್ಪೀಕರಿನಲ್ಲಿತ್ತು, ಜಗಲಿಯ ಮೇಲೆ ಪಕ್ಕದಲ್ಲೇ ಮನೆ ಮಾಲೀಕ ಕಲ್ಲೇಶಪ್ಪ ಕೂತಿದ್ದ. ಅವಳು ಬಾಯಿ ತೆರೆಯುವ ಮೊದಲೇ ಅವನು ಫೋನಿನ ಕಡೆಗೆ ಬಾಗಿದ.

"ನಮ್ಮ ಕಾಂಪೌಂಡಿನಾಗೆ ಅಂಥದ್ದೆಲ್ಲ ಇಲ್ಲ ಕಣಮ್ಮ. ನಾಕು ಮನೇನೂ ಶುದ್ಧ ಸಸ್ಯಾಹಾರಿಗಳದ್ದೇ. ಅದನ್ನ ಬರ್ಕೊಂಡು ರೇಟು ಇಳ್ಸಿ."

ಸಸ್ಯಾಹಾರಿಗಳ ಮನೆಯ ಇಲಿಯನ್ನು ಅಗ್ಗಕ್ಕೆ ಯಾಕೆ ಹಿಡಿಯಬೇಕು ಎಂದು ಆ ಹುಡುಗಿ ಕೇಳಲಿಲ್ಲ. "ಓಕೆ ಸರ್" ಎಂದು ಚದರಡಿ ಲೆಕ್ಕ ಹಾಕತೊಡಗಿದಳು. ಧನುಶ್ರೀ ಕತ್ತು ತಿರುಗಿಸಿದಳು. ಎರಡು ಬಾಗಿಲು ಆಚೆ, ತಮ್ಮ ಮನೆಯ ಹೊಸಿಲ ಮೇಲೆ ಸೊಪ್ಪು ಸೋಸುತ್ತಿದ್ದ ಅವ್ವ ತಲೆ ಎತ್ತಿ ಒಮ್ಮೆ ನೋಡಿ ಮತ್ತೆ ಸೊಪ್ಪಿಗೆ ತಿರುಗಿದ್ದು ಅವಳಿಗೆ ಕಾಣಿಸಿತು.

ಧನುಶ್ರೀ ಅರಸೀಕೆರೆ ರೈಲು ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನವಳು. ದಿನವಿಡೀ ಗಾಜಿನ ಹಿಂದೆ ಕೂತು ನೂರು ಥರದ ಜನಕ್ಕೆ ಉತ್ತರ ಹೇಳುವವಳಾದ್ದರಿಂದ, ಕಂಪನಿಯವರ ಜೊತೆ ಮಾತಾಡುವ ಕೆಲಸವನ್ನು ಕಲ್ಲೇಶಪ್ಪ ಅವಳ ತಲೆಗೆ ಕಟ್ಟಿದ್ದ. ಬೆಂಗಳೂರಿನವರದು ವರ್ಷದ ಕರಾರು, ಕೇಳಿದರೆ ತಲೆ ತಿರುಗುವಷ್ಟು ದುಡ್ಡು. ಹಾಸನದ ಕಂಪನಿ ಅದರ ಅರ್ಧಕ್ಕೆ ಪಾಷಾಣದ ಬಿಲ್ಲೆ ಇಟ್ಟು ಹೋಗುತ್ತೇವೆ ಎಂದಿತ್ತು. ಮೂರನೆಯವನು ಊರಿನವನೇ, ಬಸ್ ಸ್ಟ್ಯಾಂಡಿನ ಹಿಂದೆ ಬೋರ್ಡು ಹಾಕಿಕೊಂಡಿದ್ದ ಸುನಿಲ. ಬಂದು ನೋಡದೆ ರೇಟು ಹೇಳುವುದಿಲ್ಲ ಎಂದಿದ್ದ.

"ಯಾರದ್ದಾದ್ರೂ ಆಗ್ಲಿ," ಎಂದ ಕಲ್ಲೇಶಪ್ಪ ಫೋನು ಇಟ್ಟ ಮೇಲೆ. "ನಾಕು ಮನೆ, ನಾಕು ಪಾಲು."

"ಸರ್, ನಮ್ಮದು ಎರಡು ಕೋಣೆ. ನಿಮ್ಮದು ಅಷ್ಟು ದೊಡ್ಡ ಮನೆ, ಮೇಲೆ ಅಟ್ಟ ಬೇರೆ ಇದೆ."

"ಅಟ್ಟದಾಗೆ ಜನ ಅವ್ರಾ? ಕಾಯಿ ಐತೆ. ಇಲಿ ಏನು ಕಲ್ಲೇಶಪ್ಪನ ಮನೆ ಅಂತ ಬೋರ್ಡು ಓದ್ಕೊಂಡು ಬತ್ತೈತಾ?"

ಒಂದೇ ಉದ್ದದ ಹೆಂಚಿನ ಕಟ್ಟಡವನ್ನು ಅಡ್ಡಗೋಡೆ ಎತ್ತಿ ನಾಲ್ಕು ಮನೆ ಮಾಡಿದ್ದರು. ಮೊದಲನೆಯದರಲ್ಲಿ ಕಲ್ಲೇಶಪ್ಪ ಮತ್ತು ಹೆಂಡತಿ ಗುರುಸಿದ್ದಮ್ಮ, ಉಳಿದ ಮೂರರಲ್ಲಿ ಬಾಡಿಗೆಯವರು. ಕಲ್ಲೇಶಪ್ಪನ ಅಟ್ಟದ ತುಂಬ ಉಂಡೆ ಕೊಬ್ಬರಿಗೆಂದು ಹರಡಿದ, ಸಿಪ್ಪೆ ಸುಲಿಯದ ತೆಂಗಿನಕಾಯಿ. ಒಳಗಿನ ನೀರು ಇಂಗಿ ಕೊಬ್ಬರಿ ಗಿಟುಕಾಗುವವರೆಗೆ, ಹೆಚ್ಚುಕಡಿಮೆ ಒಂದು ವರ್ಷ, ಆ ರಾಶಿಯನ್ನು ಯಾರೂ ಮುಟ್ಟುವುದಿಲ್ಲ. ಬೆಚ್ಚಗಿನ ಜಾಗ, ಹೊಟ್ಟೆತುಂಬ ಊಟ, ಕೇಳುವವರಿಲ್ಲ. ಇಲಿಗಳು ಅಲ್ಲಿ ಉಂಡು, ಅಡ್ಡಗೋಡೆಗಳ ಮೇಲೆ ಹಾದು, ಬಾಡಿಗೆಯವರ ಮನೆಗೆ ಬಾಯಿರುಚಿಗೆ ಇಳಿಯುತ್ತಿದ್ದವು. ಇದು ಬಾಡಿಗೆಯವರಿಗೆಲ್ಲ ಗೊತ್ತಿತ್ತು. ಬಾಯಿಬಿಟ್ಟು ಹೇಳಿದವಳು ಧನುಶ್ರೀ ಒಬ್ಬಳೇ, ಅದೂ ಅರ್ಧ.

ಅರ್ಧಕ್ಕೇ ನಿಲ್ಲಿಸಲು ಕಾರಣವಿತ್ತು. ಈ ಮನೆ ಕೇಳಲು ಬಂದ ದಿನ ಕಲ್ಲೇಶಪ್ಪ ಬಾಡಿಗೆ ಹೇಳುವ ಮೊದಲು ಕೇಳಿದ್ದು "ಯಾವ ಜನ ನೀವು?" ಅಂತ. ಆ ಪ್ರಶ್ನೆಗೆ ನೇರವಾಗಿ ಉತ್ತರ ಹೇಳಿ ಅವಳು ಅಷ್ಟರೊಳಗೆ ಊರಿನ ಎಷ್ಟೋ ಮನೆ ಕಳೆದುಕೊಂಡಿದ್ದಳು. ಉತ್ತರ ಕೇಳಿದ ಕೂಡಲೇ ಒಬ್ಬರಿಗೆ ಮಗ ಊರಿಗೆ ಬರುವುದು ನೆನಪಾಗುತ್ತಿತ್ತು, ಇನ್ನೊಬ್ಬರಿಗೆ ಸುಣ್ಣ ಹೊಡೆಸುವುದು. ಸರ್ಕಾರಿ ನೌಕರಿ, ತಿಂಗಳಿಗೆ ಸರಿಯಾಗಿ ಬರುವ ಸಂಬಳ, ಯಾವುದೂ ಆ ಸುಣ್ಣದ ಮುಂದೆ ನಿಲ್ಲುತ್ತಿರಲಿಲ್ಲ. ಕಲ್ಲೇಶಪ್ಪನಿಗೂ ಅವಳು ನಿಜವನ್ನೇ ಹೇಳಿದಳು. "ನಾವು ಬೌದ್ಧರು ಸರ್." ಅಪ್ಪ ಗಿಡ್ಡಯ್ಯ ಬದುಕಿದ್ದಾಗಲೇ ಮನೆಯವರೆಲ್ಲ ದೀಕ್ಷೆ ತೆಗೆದುಕೊಂಡಿದ್ದರು.

ಕಲ್ಲೇಶಪ್ಪನ ಮುಖ ಅರಳಿತ್ತು. "ಹಳೇಬೀಡಿನ ಬಸದಿ ಹತ್ರಾನೇ ನಮ್ಮ ತಂಗೀನ ಕೊಟ್ಟಿರಾದು. ನಿಮ್ಮ ಜನ ಗೊತ್ತು ಬಿಡಮ್ಮ. ಇರುವೆ ತುಳಿಯಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣಲ್ಲ." ಬುದ್ಧನನ್ನೂ ಬಸದಿಯ ತೀರ್ಥಂಕರನನ್ನೂ ಅವನು ಅಲ್ಲೇ ಒಂದು ಮಾಡಿಬಿಟ್ಟ. ತಿದ್ದಬೇಕೆಂದು ಧನುಶ್ರೀ ಬಾಯಿ ತೆರೆದಳು. ಅಷ್ಟರಲ್ಲಿ ಅವನು ಬೀಗದ ಕೈ ಅವಳ ಮುಂದೆ ಹಿಡಿದಿದ್ದ. ಅವಳು ಬಾಯಿ ಮುಚ್ಚಿ ಕೈ ಚಾಚಿದಳು.

ಆ ಬೀಗದ ಕೈಯ ಬೆಲೆ ತೆತ್ತವಳು ಅವ್ವ ಸಣ್ಣತಾಯಮ್ಮ. ಮೀನು, ಮಾಂಸದ ಊಟ ಗಂಡಸಿ ಊರಿನಲ್ಲಿರುವ ತಮ್ಮನ ಮನೆಗೆ ಹೋದಾಗ ಮಾತ್ರ. ಅಲ್ಲಿಂದ ಬರುವಾಗ ಚೂರು ಒಣಮೀನನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂದು ಬಟ್ಟೆ ಸುತ್ತಿ ಅಡುಗೆಮನೆಯ ಮೂಲೆಯಲ್ಲಿ ಇಡುತ್ತಿದ್ದಳು, ಸುಡುತ್ತಿರಲಿಲ್ಲ. ಬಾಯಿ ಕೆಟ್ಟಾಗ ಮುಚ್ಚಳ ತೆಗೆದು ಮೂಸಿ, ಮತ್ತೆ ಬಿಗಿಯಾಗಿ ಮುಚ್ಚುತ್ತಿದ್ದಳು. ತನ್ನ ದುಡಿಮೆಯ ಬಾಡಿಗೆ ಮನೆಯಲ್ಲಿ ತಾಯಿ ಹೀಗೆ ಡಬ್ಬಿ ಮೂಸುವುದನ್ನು ಧನುಶ್ರೀ ಒಮ್ಮೆ ಕಂಡಿದ್ದಳು. ಆದರೆ ಇನ್ನೊಂದು ಮನೆ ಹುಡುಕುವ ಶಕ್ತಿ ಇಬ್ಬರಿಗೂ ಇರಲಿಲ್ಲ.

ಸುನಿಲ ಮಾರನೆಯ ಬೆಳಿಗ್ಗೆ ಬಂದ. ಹೆಗಲಿಗೆ ಚೀಲ, ಕೈಯಲ್ಲಿ ಟಾರ್ಚು. ಒಂದೊಂದೇ ಮನೆ ನೋಡುತ್ತ ಬಂದವನು ಧನುಶ್ರೀಯ ಅಡುಗೆಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಮೂಲೆಗೆ ಬೆಳಕು ಬಿಟ್ಟ. ರಾತ್ರಿ ಇಲಿ ಡಬ್ಬಿಯ ಮುಚ್ಚಳ ಕಡಿದು ಉರುಳಿಸಿತ್ತು. ನೆಲದ ಮೇಲೆಲ್ಲ ಒಣಮೀನಿನ ತಲೆ, ಬಾಲ. ಪಕ್ಕದಲ್ಲೇ ಕಲ್ಲೇಶಪ್ಪ ಕೊಟ್ಟಿದ್ದ ಇಲಿಬೋನು, ಅದರೊಳಗೆ ಕಟ್ಟಿದ್ದ ಕೊಬ್ಬರಿ ಚೂರು ಕಟ್ಟಿದ ಹಾಗೇ ಇತ್ತು.

"ನೋಡಿ, ಕೊಬ್ಬರಿ ಮೂಸೂ ನೋಡಿಲ್ಲ. ಒಣಮೀನು ಹೆಂಗೆ ಬಾಚ್ಕೊಂಡು ತಿಂದಾವೆ," ಎಂದ ಸುನಿಲ. ಅವನ ಗಂಟಲು ದೊಡ್ಡದು. ಅಂಗಳದಲ್ಲಿ ನಿಂತಿದ್ದ ಕಲ್ಲೇಶಪ್ಪನಿಗೂ ಕೇಳಿಸಿತು, ಪಕ್ಕದ ಮನೆಯ ಉಷಾರಾಣಿಗೂ ಕೇಳಿಸಿತು.

ಕಲ್ಲೇಶಪ್ಪ ಬಾಗಿಲವರೆಗೆ ಬಂದ. ಹೆಗಲ ಮೇಲಿನ ಟವೆಲನ್ನು ಮೂಗಿಗೆ ಹಿಡಿದುಕೊಂಡು ಇಣುಕಿದ. ಮುರಿದ ಡಬ್ಬಿ ನೋಡಿದ, ಧನುಶ್ರೀಯ ಮುಖ ನೋಡಿದ.

"ಬುದ್ಧ ಅಂದ್ರಲ್ಲಮ್ಮ ನೀವು."

"ಹೌದು ಸರ್. ಈಗಲೂ ಅದನ್ನೇ ಹೇಳ್ತೀನಿ. ನೀವು ಯಾವ ಜನ ಅಂತ ಕೇಳಿದ್ರಿ. ಏನು ತಿಂತೀರಿ ಅಂತ ಕೇಳಲಿಲ್ಲ."

"ಅದನ್ನ ಬೇರೆ ಕೇಳ್ಬೇಕಾ? ಇಲಿ ಎಲ್ಲಿಂದ ಬಂತು ಅಂತ ಈಗ ತಿಳೀತು. ಈ ನಾತಕ್ಕೆ ಊರಿನ ಇಲಿಯೆಲ್ಲ ಬತ್ತಾವೆ." ಅವನು ಅಂಗಳದ ನಡುವಿಗೆ ಹೋಗಿ ನಿಂತ. ನಾಲ್ಕೂ ಮನೆಗೆ ಕೇಳಬೇಕಿತ್ತಲ್ಲ. "ಇಲಿ ಹಿಡ್ಸೋ ಖರ್ಚು ಪೂರಾ ನಿಮ್ದೇ. ತಿಂಗ್ಳು ಮುಗಿಯೋದ್ರೊಳಗೆ ಮನೆ ಖಾಲಿ ಮಾಡಿ."

ವರ್ಷವಿಡೀ ಅಟ್ಟದಲ್ಲಿ ಇಲಿ ಸಾಕಿದವನು ಅವನು. ಈಗ ನೋಡಿದರೆ ಮೂರು ಚೂರು ಒಣಮೀನು ಕಳ್ಳನಾಯಿತು. ನಿನ್ನೆಯವರೆಗೂ ಮಜ್ಜಿಗೆ ಹೆಪ್ಪು ಕೇಳಲು ಬರುತ್ತಿದ್ದ ಉಷಾರಾಣಿ ಮೆಲ್ಲಗೆ ತನ್ನ ಬಾಗಿಲು ಮುಂದೆ ಮಾಡಿಕೊಂಡಳು. ಧನುಶ್ರೀಗೆ ಆ ಬಾಗಿಲಿನ ಸದ್ದು ಕಲ್ಲೇಶಪ್ಪನ ಮಾತಿಗಿಂತ ಜೋರಾಗಿ ಕೇಳಿಸಿತು.

ಅಷ್ಟರಲ್ಲಿ ಸುನಿಲ ಕಲ್ಲೇಶಪ್ಪನ ಅಟ್ಟ ಹತ್ತಿ ಇಳಿದು ಬಂದ. ಕೈಯಲ್ಲಿ ಎರಡು ಕಾಯಿ. ಎರಡಕ್ಕೂ ಕಣ್ಣಿನ ಕಡೆ ದುಂಡಗೆ ತೂತು, ಒಳಗೆ ಬರಿ ಚಿಪ್ಪು. ಅವನ್ನು ಜಗಲಿಯ ಮೇಲಿಟ್ಟ.

"ಹಿಂದ್ಲ ಸಾಲು ಪೂರಾ ಹಿಂಗೇ ಐತೆ ಅಣ್ಣ. ಹಾಸನದವ್ರ ಪಾಷಾಣ ಬ್ಯಾಡ. ತಿಂದ ಇಲಿ ಕಾಯಿ ರಾಶಿಯೊಳಗೇ ಸಾಯ್ತೈತೆ, ಕೊಬ್ಬರಿಗೆ ನಾತ ಹಿಡೀತೈತೆ. ವ್ಯಾಪಾರಿ ಮುಟ್ಟಲ್ಲ. ಬೋನೇ ಆಗ್ಬೇಕು. ನಂದು ಆ ಇಬ್ರಿಗಿಂತ ಎಷ್ಟೋ ಕಮ್ಮಿ. ಆದ್ರೆ ಬೋನಿಗೆ ಒಣಮೀನು ಸುಟ್ಟು ಕಟ್ಬೇಕು. ಇವು ಕೊಬ್ಬರಿ ತಿಂದು ಬೇಜಾರಾಗಿರೋ ಇಲಿ."

ಕಲ್ಲೇಶಪ್ಪ ಟವೆಲು ಕೆಳಗಿಳಿಸಿದ. "ಬೇರೆ ಏನೂ ಆಗಲ್ವಾ?"

"ಬೆಂಗಳೂರಿನವ್ರನ್ನ ಕರ್ಸಿ. ಅವ್ರದ್ದೇನೇನೋ ಮಿಷನ್ ಐತೆ."

ಕಲ್ಲೇಶಪ್ಪ ಆ ರೇಟನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡನೆಂದು ಕಾಣುತ್ತದೆ, ಮುಖ ಹುಳ್ಳಗಾಯಿತು. ಮೀನು ನೀನೇ ತಾ ಎಂದು ಸುನಿಲನಿಗೆ ಹೇಳಿದ. ಸಂತೆಗೆ ಇನ್ನೂ ನಾಲ್ಕು ದಿನ ಇದೆ, ಅಷ್ಟು ದಿನ ಕಾಯುತ್ತೀರಾ ಎಂದ ಸುನಿಲ. ಕಾಯುವ ಹಾಗಿರಲಿಲ್ಲ, ಕಾಯಿ ನೋಡಲು ವ್ಯಾಪಾರಿ ಅಷ್ಟರೊಳಗೇ ಬರುವವನಿದ್ದ. ತಾನೇ ಹೋಗಿ ಬೇರೆ ಯಾರನ್ನಾದರೂ ಒಣಮೀನು ಕೇಳಲು ಕಲ್ಲೇಶಪ್ಪನಿಗೆ ಸಾಧ್ಯವೇ? ಊರಿನ ಮಂಡಿಯವರೆಲ್ಲ ಅವನ ನೆಂಟರು.

ಅಂದು ಸಂಜೆ ಧನುಶ್ರೀ ರೈಲ್ವೆ ಕ್ವಾರ್ಟರ್ಸಿಗೆ ಅರ್ಜಿ ಹಾಕುವ ಮಾತೆತ್ತಿದಳು. ತನಗಿಂತ ಮುಂದೆ ಎಷ್ಟು ಜನ ಕಾಯುತ್ತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು.

"ಇನ್ನೆಷ್ಟು ಮನೆ ಬಿಡಾನ ಮಗಾ?" ಎಂದಳು ಸಣ್ಣತಾಯಮ್ಮ. "ನಾನು ಮೂಸ್ಕಂಡು ಮೂಸ್ಕಂಡು ಇಟ್ಟಿದ್ದು ಇಲಿ ತಿಂತು. ಇಲಿಗಿರೋ ಧೈರ್ಯ ನಂಗಿಲ್ದೆ ಹೋಯ್ತು."

ಮರುದಿನ ಧನುಶ್ರೀಗೆ ವಾರದ ರಜೆ. ಮಧ್ಯಾಹ್ನ ಸಣ್ಣತಾಯಮ್ಮ ಕಿಟಕಿಯ ಎರಡೂ ಬಾಗಿಲು ತೆಗೆದಳು. ಇಲಿಗೆ ಸಿಗದೆ ಮೇಲಿನ ಗೂಡಿನಲ್ಲಿ ಉಳಿದಿದ್ದ ಇನ್ನೊಂದು ಡಬ್ಬಿಯ ಒಣಮೀನನ್ನು ತೊಳೆದು, ಒರೆಸಿ, ಹೆಂಚು ಕಾಯಿಸಿ ಸುಡತೊಡಗಿದಳು. ವಾಸನೆ ಎದ್ದು ಅಂಗಳಕ್ಕೆ ಹೋಯಿತು. ಧನುಶ್ರೀ ಅದನ್ನು ಅಡಗಿಸಲೆಂದು ಊದುಕಡ್ಡಿ ಹಚ್ಚಲು ಎದ್ದವಳು ಅವ್ವನ ಮುಖ ನೋಡಿ ಕೂತಳು. ರಾಗಿಮುದ್ದೆ ತಟ್ಟೆಗೆ ಬೀಳುವ ಹೊತ್ತಿಗೆ ಹಿತ್ತಿಲ ಬಾಗಿಲು ಯಾರೋ ಬೆರಳಲ್ಲಿ ಕುಟ್ಟಿದರು.

ಕಲ್ಲೇಶಪ್ಪ. ಕೈಯಲ್ಲಿ ಒಂದು ಸ್ಟೀಲ್ ಬಟ್ಟಲು, ಅದರ ಮೇಲೆ ನಾಲ್ಕು ಮಡಿಕೆಯ ಪೇಪರು.

"ಸ್ವಲ್ಪ ಅದು ಬೇಕಾಗಿತ್ತು ಕಣವ್ವ," ಎಂದ ಮೆಲ್ಲಗೆ. "ಬೋನಿಗೆ. ಸುನಿಲ ಸಾಯಂಕಾಲ ಬತ್ತಾನೆ."

"ಯಾವ್ದು?"

"ಅದೇ."

"ಅದಕ್ಕೊಂದು ಹೆಸ್ರೈತೆ ಯಜಮಾನ್ರೆ."

ಕಲ್ಲೇಶಪ್ಪ ತನ್ನ ಮನೆಯ ಗೋಡೆಯ ಕಡೆ ನೋಡಿದ. "ಮೀನು," ಎಂದ.

"ಕೊಡ್ತೀನಿ. ಮುಂದ್ಲ ಬಾಗ್ಲಿಂದ ಬನ್ನಿ." ಸಣ್ಣತಾಯಮ್ಮ ಹಿತ್ತಿಲ ಬಾಗಿಲು ಹಾಕಿ ಚಿಲಕ ಸೇರಿಸಿದಳು.

ಅವನು ಬರುವುದಿಲ್ಲವೆಂದೇ ಧನುಶ್ರೀ ಅಂದುಕೊಂಡಳು. ಬಂದ. ಉಷಾರಾಣಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು, ಅವಳನ್ನು ದಾಟಿಯೇ ಬರಬೇಕಾಯಿತು. ಹೊಸಿಲ ಹೊರಗೆ ನಿಂತವನಿಗೆ ಸಣ್ಣತಾಯಮ್ಮ ಒಳಗಿನಿಂದಲೇ, "ಉಣ್ತಾ ಇದೀವಿ. ಕೂತ್ಕಳಿ," ಎಂದಳು. ತಾಯಿ ಮಗಳು ಅವಸರ ಮಾಡಲಿಲ್ಲ. ಮುದ್ದೆ ಮುರಿದು, ಸಾರಿಗೆ ಅದ್ದಿ, ಮೀನಿನ ಮುಳ್ಳು ಬಿಡಿಸಿ ತಿಂದರು. ಈ ಮನೆಗೆ ಬಂದ ಮೇಲೆ ಧನುಶ್ರೀ ಇಷ್ಟು ಹೊಟ್ಟೆತುಂಬ ಉಂಡಿರಲಿಲ್ಲ. ಕಲ್ಲೇಶಪ್ಪ ಹೊಸಿಲಿಗೆ ಬೆನ್ನು ಹಾಕಿ, ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ.

ಕೈ ತೊಳೆದು ಸಣ್ಣತಾಯಮ್ಮ ಹೊರಗೆ ಬಂದಳು. ಸುಟ್ಟ ಮೀನಿನ ತಟ್ಟೆ ಅವಳ ಕೈಯಲ್ಲೇ ಇತ್ತು.

"ನಿನ್ನೆ ಅಂಗಳದಲ್ಲಿ ನಿಂತ್ಕಂಡು ಒಂದು ಮಾತು ಅಂದ್ರಲ್ಲ."

"ಏನೋ ಸಿಟ್ನಾಗೆ ಅಂದೆ ಬಿಡವ್ವ. ನಿಧಾನಕ್ಕೆ ಮಾತಾಡಾನ."

"ಸಿಟ್ನಾಗೆ ಅಂದಿದ್ದು ನಾಕು ಮನೆಗೂ ಕೇಳ್ತು. ಇದೂ ಕೇಳ್ಲಿ."

ಕಲ್ಲೇಶಪ್ಪ ಎದ್ದು ನಿಂತ. ಕೆಮ್ಮಿದ. "ನೀವೇನು ಮನೆ ಬಿಡ್ಬೇಕಾಗಿಲ್ಲ," ಎಂದ. ಉಷಾರಾಣಿಯ ಕೈಯಲ್ಲಿ ಒದ್ದೆ ಸೀರೆ ಹಾಗೇ ನಿಂತಿತು.

"ಅಟ್ಟದ ಇಲಿ ಹಿಡ್ಸೋ ಖರ್ಚು?" ಧನುಶ್ರೀ ಬಾಗಿಲಿನಿಂದ ಕೇಳಿದಳು.

"ನಂದೇ ಕಣಮ್ಮ."

ಸಣ್ಣತಾಯಮ್ಮ ನಾಲ್ಕು ಮೀನು ಎತ್ತಿ ಬಟ್ಟಲಿಗೆ ಹಾಕಿದಳು. ಅವನು ತಕ್ಷಣ ಪೇಪರು ಮುಚ್ಚಲು ಹೋದ. ಅವಳು ಆ ಪೇಪರನ್ನು ಅವನ ಕೈಯಿಂದ ತೆಗೆದುಕೊಂಡಳು.

"ಮುಚ್ಚಬ್ಯಾಡಿ. ಬಿಸಿ ಐತೆ, ಬೆವೆತು ಮೆತ್ತಗಾಯ್ತದೆ."

ಕಲ್ಲೇಶಪ್ಪ ತೆರೆದ ಬಟ್ಟಲನ್ನು ಎದೆಯಿಂದ ದೂರ ಹಿಡಿದುಕೊಂಡು ಹೊರಟ. ಉಷಾರಾಣಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಕಾಂಪೌಂಡ್ ಗೋಡೆಯ ಮೇಲೆ ಮಲಗಿದ್ದ ಬೀದಿ ಬೆಕ್ಕು ಇಳಿದು ಬಾಲ ಎತ್ತಿಕೊಂಡು ಅವನ ಹಿಂದೆ ನಡೆಯಿತು. ಅವನ ಮನೆಯ ಮೂಲೆಯಲ್ಲಿ ದಾರಿ ಎರಡಾಗುತ್ತದೆ, ಒಂದು ಮುಂಬಾಗಿಲಿಗೆ, ಇನ್ನೊಂದು ಹಿತ್ತಿಲಿಗೆ. ಮುಂಬಾಗಿಲಲ್ಲಿ ಗುರುಸಿದ್ದಮ್ಮ ಮೊರ ಹಿಡಿದು ಕೂತಿದ್ದಳು. ಕೇರುವುದನ್ನು ನಿಲ್ಲಿಸಿ ಗಂಡನ ಕೈಯನ್ನೇ ನೋಡಿದಳು. ಅವನು ಆ ಮೂಲೆಯಲ್ಲಿ ನಿಂತ. ಬೆಕ್ಕು ಅವನ ಪಾದದ ಹತ್ತಿರ ಕೂತು, ಯಾವ ಕಡೆ ಹೋಗುತ್ತಾನೋ ಎಂದು ಮುಖ ಎತ್ತಿ ಕಾಯತೊಡಗಿತು.