ಜೈತುನ್ಬೀ ಹಿತ್ತಲದಾಗಿನ ಟವರ

ಬಾಜೂಮನಿ ಜೈತುನ್ಬೀ ನನ್ನ ಜೋಡಿ ಮಾತು ಬಿಟ್ಟು ಹನ್ನೊಂದು ದಿನ ಆತು. ನಲವತ್ತು ವರ್ಷದ ಗೆಳೆತನ ನಮ್ಮದು. ನನ್ನ ಗಂಡ ಸತ್ತಾಗ ನನಗಿಂತ ಜೋರ ಅತ್ತಾಕಿ ಆಕಿ. ಆಕಿ ಕಣ್ಣೀರಿಗೆ ರಾವೂರ ಕಲ್ಲಿನ ಖಣಿ ತುಂಬಿ ಹರೀಬೇಕಿತ್ತು. ಅಂಥಾಕಿ ಈಗ ನನ್ನ ಕಂಡರ ಬಾಗಲಾ ಹಾಕ್ಕೋತಾಳ.

ಕಾರಣ, ಆಕಿ ಹಿತ್ತಲದಾಗ ನಿಂತ ಮೊಬೈಲ್ ಟವರ. ಅದು ಬಂದಾಗಿಂದ ನನ್ನ ಕೋಳಿ ತತ್ತಿ ಇಡೂದು ಬಿಟ್ಟಾವ. ತಲಿ ಅನ್ನೂದು ಕಲ್ಲು ಒಡಿಯೋ ಮಷೀನಿನಂಗ ಧಡಧಡ. ನಾ ಸುಮ್ನ ಕುಂದ್ರಾಕಿ ಏನು? ಜೈತುನ್ಬೀ ನನಗ ಟವರಿನ ವಿಷಾ ಹಾಕಾಕತ್ಯಾಳ ಅಂತ ಮನಿಮನಿಗೆ ಹೇಳ್ಕೋಂತ, ಟವರ ತೆಗೀರಿ ಅಂತ ಊರ ಮಂದಿನ್ನ ಕೂಡಿಸಿ ಚಿತ್ತಾಪುರದ ತಾಲೂಕ ಆಫೀಸಿಗೆ ಅರ್ಜಿ ಕೊಡಿಸಿದೆ. ಮೊದಲ ಹೆಬ್ಬೆಟ್ಟು ನಂದ.

ಟವರಿನ ಹವಾ ಬಡೀಬಾರದಂತ ಒಳಗಿನ ಖೋಲಿ ಸೇರಿದೆ. ನಾಕೂ ಗ್ವಾಡಿ ಪರಸಿ ಕಲ್ಲು, ಮ್ಯಾಲ ಪರಸಿ, ಕೆಳಗ ಪರಸಿ. ಯಮ ಬಂದರೂ ಸುತ್ತಿಗಿ ಹಿಡಕೊಂಡೇ ಬರಬೇಕು. ಅಲ್ಲೇ ಕುಂತು ಸೇಡಂನಾಗಿನ ಮಗಳು ಭಾಗ್ಯಜ್ಯೋತಿ ಜೋಡಿ ಫೋನಿನ್ಯಾಗ ತಾಸಗಟ್ಟಲೆ ಮಾತು. ಮುಗೀತಂದ್ರ ಫೋನ್ ಕುಬಸದಾಗ, ಎದಿ ಮ್ಯಾಗಿನ ಲಿಂಗದ ಬಾಜೂಕ.

ನಿನ್ನಿ ಆ ಅರ್ಜಿ ಸಲುವಾಗಿ ಕಲಬುರಗಿಯಿಂದ ಕಾಶೀನಾಥ ಅಂಬಾಂವ ಟವರಿನ ಹವಾ ಅಳತಿ ಮಾಡೋ ಮಷೀನ್ ತಗೊಂಡು ಬಂದ. ಮೊದಲ ಜೈತುನ್ಬೀ ಮನಿಗೆ ಹೋಗಿ ಬಂದಿದ್ದ. ಮೀಸಿಗೆ ಚಹಾ ಹತ್ತಿತ್ತು. ನನಗ ಗುಮಾನಿ ಬಂತು.

"ಬಿಸ್ಕೀಟೂ ಕೊಟ್ಟಳೇನಪಾ?"

"ಕೊಟ್ಟಾರ್ರಿ ಅಮ್ಮಾ."

"ಹಂಗಾರ ಟವರ ಪಾಸಾತು ಬಿಡು."

ಅಂವ ನಕ್ಕೋಂತ ನನ್ನ ಅಂಗಳದಾಗ ಮಷೀನ್ ಹಿಡದ. "ಕಾಯ್ದೆದ ಮಿತಿ ನೂರು ಅಂತ ತಿಳ್ಕೋರಿ. ಇಲ್ಲಿ ಒಂದೂ ಇಲ್ಲ."

"ಮಷೀನಿಗೂ ಚಹಾ ಕುಡಿಸ್ಯಾಳೇನು?"

"ನಂಬಿಕಿ ಇಲ್ಲಂದ್ರ ನೀವು ಹೇಳಿದ ಕಡಿ ಹಿಡೀತೀನ್ರಿ."

ಒಳಗಿನ ಖೋಲಿಗೆ ಕರ್ಕೊಂಡು ಹೋದೆ. ಅಷ್ಟರಾಗ ಕುಬಸದಾಗಿನ ಫೋನ್ ಬಡಕೊಂತು. ಭಾಗ್ಯಜ್ಯೋತಿ. ನಾ "ಹಲೋ" ಅಂದಿದ್ದಷ್ಟ, ಮಷೀನು ಕೊಂಯ್ ಅಂತ ಒದರಿ ಅಂಕಿ ಮ್ಯಾಲ ಏರಲಿಕತ್ತಿತು.

"ಟವರ ಇಲ್ಲಿಗೂ ಬಂತು!" ಅಂತ ಚೀರಿದೆ.

"ಟವರ ಅಲ್ರಿ ಅಮ್ಮಾ, ನಿಮ್ಮ ಫೋನು. ಅದೂ ಕಾಯ್ದೆ ಪ್ರಕಾರನೇ ಅದ, ಹೆದರಬ್ಯಾಡ್ರಿ. ಆದ್ರ ಈ ಕಲ್ಲಿನ ಖೋಲ್ಯಾಗ ಸಿಗ್ನಲ್ ಕಮ್ಮಿ. ಟವರಿಗೆ ಕೇಳಸಬೇಕಂತ ಅದು ಜೋರ ಒದರಾಕತ್ತದ. ಅಂಗಳಕ್ಕ ಬಂದ್ರ ಮೆಲ್ಲಕ ಮಾತಾಡತದ. ಟವರ ಕಿತ್ತು ದೂರ ಮಳಖೇಡಕ್ಕ ಒಯ್ದರ ಇನ್ನಾ ಜೋರ ಒದರತದ, ಅದೂ ನಿಮ್ಮ ಎದಿ ಮ್ಯಾಲೇ."

ಅಯ್ಯ ಯವ್ವಾ! ಯಾವುದಕ್ಕ ಹೆದರಿ ಓಡಿದ್ದೆನೋ, ಅದನ್ನ ಕುಬಸದಾಗ ಇಟ್ಕೊಂಡೇ ಓಡಿದ್ದೆ.

ಇವತ್ತ ಮುಂಜಾನೆ ಜೈತುನ್ಬೀ ಬಾಗಲಾ ಬಡದೆ. ಅರ್ಧಾ ತೆಗದು ನೋಡಿದಳು.

"ಏನು, ನಮ್ಮ ಮನೀನೂ ತೆಗೀರಿ ಅಂತ ಹೆಬ್ಬೆಟ್ಟು ಒತ್ತೀಯೇನು?"

"ಅರ್ಜಿ ವಾಪಸ್ ತಗೋತೀನಿ, ಬಾರವಾ."

"ಅರ್ಜಿ ಬರೇ ಕಾಗದ. ನಾ ನಿನಗ ಜಹರ ಹಾಕಾಕತ್ತೀನಿ ಅಂತ ಊರ ತುಂಬ ಹೇಳಿದೆಲ್ಲ, ಆ ಗುಮಾನಿ ಹ್ಯಾಂಗ ವಾಪಸ್ ತಗೋತಿ?"

ಆಕಿ ನನ್ನ ರಟ್ಟಿ ಹಿಡದು ಹಿತ್ತಲಕ್ಕ ಎಳದಳು. ಟವರಿನ ಬೇಲಿ ಕಡಿ ಬೊಟ್ಟು ಮಾಡಿ, "ಅದಕ್ಕ ಬೆನ್ನು ಹಚ್ಚಿ ಕುಂದ್ರು" ಅಂದಳು.

"ಎಷ್ಟೊತ್ತವಾ?"

"ನನ್ನ ಸಿಟ್ಟು ಇಳಿಯೂತನ."

ಸೆರಗು ತಲಿ ತುಂಬ ಹೊದ್ಕೊಂಡು ಕುಂತೆ. ಆಕಿನೂ ಬಾಜೂಕ ಕುಂತಳು, ಮೊಣಕೈಗೆ ಮೊಣಕೈ ತಾಗಿಸಿ. ನಾ ಅಲ್ಲಾಡಲಿಲ್ಲ. ಕುತ್ತಿಗಿ ಹಿಂದಕ್ಕ ಬಗ್ಗಿಸಿ ಕಣ್ಣು ಮಾತ್ರ ಟವರಿನ ತುದಿ ಮ್ಯಾಲೇ ಇಟ್ಟಿದ್ದೆ. ಆಕಿ ಮ್ಯಾಲ ಪೂರಾ ನಂಬಿಕಿ ಬಂತು. ಅದರ ಮ್ಯಾಲ ಇನ್ನಾ ಇಲ್ಲ ನೋಡ್ರಿ.